ಹೊಟ್ಟೆಗಂಬಳಿ

ಸೆಪ್ಟೆಂಬರ್ ಹತ್ತರಿಂದ ಫೆಬ್ರವರಿ ಒಂಬತ್ತಕ್ಕೆ ನೂರೈವತ್ತೆರಡು ದಿನ. ಬೆಳಿಗ್ಗೆಯಿಂದ ಪಶುವೈದ್ಯ ಚೊಯ್ಜಿಲ್ ಈ ಲೆಕ್ಕವನ್ನು ನಾಲ್ಕು ಸಲ ಮಾಡಿದ್ದ: ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಒಮ್ಮೆ ತಿಂಗಳಿಗೆ ಮೂವತ್ತೇ ದಿನವೆಂದು ಹಿಡಿದು, ಕೊನೆಗೆ ಸ್ಟೀರಿಂಗ್ ಹಿಡಿದ ಕೈಯ ಬೆರಳ ಗೆಣ್ಣುಗಳ ಮೇಲೆ. ಯಾವ ದಾರಿಯಿಂದ ಹೊರಟರೂ ಅದು ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಕುರಿ ಗಬ್ಬದಲ್ಲಿರುವುದು ನೂರೈವತ್ತು ದಿನ. ಎರಡು ದಿನದ ಹೆಚ್ಚುಕಡಿಮೆಯನ್ನು ಯಾವ ಪಠ್ಯಪುಸ್ತಕವಾದರೂ ಒಪ್ಪುತ್ತದೆ. ಹೊರಗೆ ಏಪ್ರಿಲ್ ತಿಂಗಳ ಗಾಳಿ ಗೋಬಿ ಮರುಭೂಮಿಯ ಮರಳನ್ನು ಹಿಡಿ ಹಿಡಿಯಾಗಿ ಜೀಪಿನ ಗಾಜಿಗೆ ಎರಚುತ್ತಿತ್ತು. ಹಿಂದಿನ ಸೀಟಿನಲ್ಲಿ ಲಸಿಕೆಯ ಪೆಟ್ಟಿಗೆ, ಅದರ ಪಕ್ಕದಲ್ಲಿ ಚರ್ಮದ ಚೀಲ, ಚೀಲದೊಳಗೆ ಒಂದು ಹಾಳೆ. ಆ ಹಾಳೆಯಲ್ಲಿ ಇವತ್ತು ಒಂದು ಹೆಸರು ಬರೆಯಬೇಕಿತ್ತು. ಬರೆಯಬೇಕಾದ ಹೆಸರು ಯಾವುದೆಂದು ಅವನಿಗೆ ಗೊತ್ತಿತ್ತು. ಅಲ್ಲಿ ತನ್ನಿಂದ ಬರೆಸುವ ಹೆಸರು ಯಾವುದೆಂಬುದೂ ಗೊತ್ತಿತ್ತು. ಎರಡರ ನಡುವೆ ಇದ್ದದ್ದು ಅವನು ಹೇಳಬೇಕಾದ ಒಂದೇ ಒಂದು ಮಾತು. ಅದನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡು ಬಂದಿದ್ದ. ಒಬ್ಬನೇ ಇರುವಾಗ ಅದು ಸಲೀಸಾಗಿ ಬರುತ್ತಿತ್ತು: ಗಂಟು ನಾನು ಕಟ್ಟಿದ್ದು.

ಬೇಸಿಗೆ ಮುಗಿಯುವ ಹೊತ್ತಿಗೆ ಟಗರಿನ ಹೊಟ್ಟೆಯ ಕೆಳಗೆ ಒಂದು ತುಂಡು ಕಂಬಳಿ ಕಟ್ಟುವುದು ಈ ಸೀಮೆಯಲ್ಲಿ ಕುರಿಯಷ್ಟೇ ಹಳೆಯ ಪದ್ಧತಿ. ಹೊಟ್ಟೆಗಂಬಳಿ ಇದ್ದರೆ ಟಗರು ಹಿಂಡಿನಲ್ಲೇ ಮೇಯಬಹುದು, ಬೆದೆಗೆ ಬಂದ ಕುರಿಯ ಮೇಲೆ ಹತ್ತಲೂಬಹುದು, ಆದರೆ ಏನೂ ಆಗುವುದಿಲ್ಲ. ನವೆಂಬರಿನಲ್ಲಿ ಒಳ್ಳೆಯ ದಿನ ನೋಡಿ ಬಿಚ್ಚಿದರೆ ಮರಿಗಳು ಏಪ್ರಿಲಿನ ಹುಲ್ಲಿಗೆ ಹುಟ್ಟುತ್ತವೆ. ಸೆಪ್ಟೆಂಬರಿನಲ್ಲಿ ಬಿಚ್ಚಿಹೋದರೆ ಫೆಬ್ರವರಿಯ ಹಿಮಕ್ಕೆ ಹುಟ್ಟುತ್ತವೆ. ಅಷ್ಟೇ. ಇದರಲ್ಲಿ ಕಾಲೇಜಿನಲ್ಲಿ ಐದು ವರ್ಷ ಓದಿ ತಿಳಿಯಬೇಕಾದದ್ದು ಏನೂ ಇರಲಿಲ್ಲ. ಸೆಪ್ಟೆಂಬರ್ ಹತ್ತರಂದು ಅವನು ತಳಿ ಕೇಂದ್ರದಿಂದ ಬಂದ ಹೊಸ ಟಗರನ್ನು ಪರೀಕ್ಷಿಸಲು, ಈಗ ಹೊರಟಿರುವ ಇದೇ ಮನೆಗೆ ಬಂದಿದ್ದ. ಕಂಬಳಿ ಬಿಚ್ಚಿ, ಬೀಜದ ಸುತ್ತಳತೆ ತೆಗೆದುಕೊಂಡು, ಕತ್ತಿನಿಂದ ರಕ್ತ ಎಳೆದು, ಮತ್ತೆ ಕಂಬಳಿ ಕಟ್ಟಿದ್ದ. ಕಟ್ಟುವಾಗ ಮಂಡಿಯೂರಬೇಕು; ಒಂದು ಮಂಡಿಯನ್ನು ಟಗರಿನ ಪಕ್ಕೆಗೆ ಒತ್ತಿ, ಅದು ಉಸಿರು ಬಿಡುವ ತನಕ ಕಾದು, ಹಗ್ಗ ಬಿಗಿಯಬೇಕು. ಅವತ್ತು ಅವನು ಮಂಡಿಯೂರಲಿಲ್ಲ. ಮಧ್ಯಾಹ್ನ ಕೇಂದ್ರದಲ್ಲಿ ಸಭೆಯಿತ್ತು, ಒಳ್ಳೆಯ ಸೇವೆಗಾಗಿ ಅವನ ಎದೆಗೆ ಒಂದು ಪದಕ ಚುಚ್ಚುವವರಿದ್ದರು, ಮೇಲಂಗಿಯ ಒಳಗೆ ಇಸ್ತ್ರಿ ಮಾಡಿದ ಕರಿಯ ಪ್ಯಾಂಟಿತ್ತು. ನಿಂತಲ್ಲಿಂದಲೇ ಬಾಗಿ, ಆಸ್ಪತ್ರೆಯಲ್ಲಿ ಬ್ಯಾಂಡೇಜಿಗೆ ಹಾಕುವ ಜಾರುಗಂಟು ಹಾಕಿ, ಬೆನ್ನು ತಟ್ಟಿ ಕಳಿಸಿದ್ದ. ಸಭೆಯ ಫೋಟೋದಲ್ಲಿ ಅವನ ಪ್ಯಾಂಟಿನ ಗೆರೆ ಚೆನ್ನಾಗಿ ಕಾಣುತ್ತದೆ.

ಗುಡಾರಗಳು ಕಂಡವು. "ನಾಯಿ ಹಿಡ್ಕೊಳ್ರೋ" ಎಂದು ಕೂಗಿ, ಜೀಪಿನಿಂದ ಇಳಿದ. ನಾಯಿ ಎದ್ದು ಬಾಲ ಅಲ್ಲಾಡಿಸಿತೇ ಹೊರತು ಬೊಗಳಲಿಲ್ಲ. ಈ ಮನೆಯ ನಾಯಿಗೂ ತನ್ನ ಮೇಲೆ ನಂಬಿಕೆ ಎಂದುಕೊಂಡ. ಕುರಿರೊಪ್ಪದ ಬೇಲಿಯ ಮೇಲೆ ಸಾಲಾಗಿ ಸತ್ತ ಮರಿಗಳ ಚಿಕ್ಕ ಚಿಕ್ಕ ಚರ್ಮಗಳು ಒಣಗಿ ಸೆಟೆದಿದ್ದವು, ಗಾಳಿಗೆ ಒಂದಕ್ಕೊಂದು ತಾಗಿ ರಟ್ಟಿನಂತೆ ಸದ್ದು ಮಾಡುತ್ತಿದ್ದವು. ಎಣಿಸಬಾರದೆಂದುಕೊಂಡೇ ಎಣಿಸಿದ. ನಲವತ್ತಮೂರು ಇರಬೇಕಿತ್ತು, ನಲವತ್ತೊಂದು ಸಿಕ್ಕವು. ಎರಡು ಎಲ್ಲಿ ಹೋದವು ಎಂಬುದೇ ಆ ಕ್ಷಣದಲ್ಲಿ ದೊಡ್ಡ ಪ್ರಶ್ನೆಯಾಗಿ, ಅದರ ಹಿಂದೆ ಸ್ವಲ್ಪ ಹೊತ್ತು ಅಡಗಿಕೊಳ್ಳಬಹುದೆನಿಸಿತು. ಫೆಬ್ರವರಿಯಲ್ಲಿ ಇವು ಒದ್ದೆಯಾಗಿ ಆವಿಯಾಡುತ್ತ ಬಿದ್ದು, ತಾಯಿ ನೆಕ್ಕಿ ಮುಗಿಸುವ ಮೊದಲೇ ಕಿವಿಯ ತುದಿಯಿಂದ ಮರಗಟ್ಟುತ್ತಿದ್ದವು. ಶೂನ್ಯಕ್ಕಿಂತ ಮೂವತ್ತನಾಲ್ಕು ಡಿಗ್ರಿ ಕೆಳಗೆ. ತಾಯಂದಿರ ಕೆಚ್ಚಲಲ್ಲಿ ಗಿಣ್ಣುಹಾಲು ಬೆರಳು ಒದ್ದೆಯಾಗುವಷ್ಟೂ ಇರಲಿಲ್ಲ. ಫೋನಿಗೆ ಸಿಗ್ನಲ್ ಸಿಗುವ ಗುಡ್ಡ ಹತ್ತಿ ಈ ಮನೆಯ ಹಿರಿಮಗ ಬತ್ಸೂರ್ "ಡಾಕ್ಟ್ರೇ, ಮರಿ ಬೀಳ್ತಿವೆ, ಈಗ್ಲೇ ಬೀಳ್ತಿವೆ" ಎಂದಾಗ ಚೊಯ್ಜಿಲ್ ಹಿಮದಲ್ಲಿ ಹನ್ನೊಂದು ತಾಸು ಜೀಪು ನೂಕಿಕೊಂಡು ಬಂದಿದ್ದ. ಎರಡು ಹಗಲು ಇವರ ಜೊತೆ ನಿಂತು ಸೀಸೆಯಲ್ಲಿ ಹಾಲು ಕುಡಿಸಿದ್ದ, ಮರಿಗಳನ್ನು ತನ್ನ ಕೋಟಿನೊಳಗೆ ಇಟ್ಟುಕೊಂಡಿದ್ದ. ಹಾಗೆ ಎದೆಗೆ ಒತ್ತಿಕೊಂಡಿದ್ದ ಒಂದು ಮರಿ ಅಲುಗಾಡುವುದನ್ನು ನಿಲ್ಲಿಸಿದಾಗಲೇ ಅವನಿಗೆ ಮೊದಲ ಸಲ ಆ ಲೆಕ್ಕ ಹೊಳೆದದ್ದು. ಸುತ್ತಮುತ್ತಲ ಎಲ್ಲ ಮನೆಗಳಲ್ಲೂ ಅವನು ಹಿಮದಲ್ಲಿ ಬಂದ ಕಥೆ ಈಗ ಹೇಳುತ್ತಾರೆ.

"ಬಾ ಮಗಾ, ಬಾ. ವಸಂತ ಚೆನ್ನಾಗಿ ಕಳೀತಾ ಇದೀಯಾ?" ಗುಡಾರದ ಬಾಗಿಲಲ್ಲಿ ಯಂಜಿಮಾ ನಿಂತಿದ್ದಳು. ಬತ್ಸೂರನ ತಾಯಿ, ಮಂದೆಯ ಯಜಮಾನಿ. ಹಳೆಯ ಕಾಲದಲ್ಲಿ ಸರ್ಕಾರಿ ಮಂದೆಯ ದಳದ ನಾಯಕಿಯಾಗಿದ್ದವಳು, ಈಗಲೂ ಯಾರನ್ನು ಕಂಡರೂ ಅವರಿಗೊಂದು ಕೆಲಸ ಹಂಚುವವಳಂತೆ ನೋಡುತ್ತಾಳೆ.

"ಚೆನ್ನಾಗೇ ಕಳೀತಿದೆ ಅಮ್ಮಾ. ನಿಮ್ಮ ಮಂದೆ ವಸಂತ ದಾಟ್ತಾ ಇದೆಯಾ?"

"ಉಳಿದದ್ದು ದಾಟ್ತಾ ಇದೆ. ಮೊದಲು ಚಾ ಕುಡಿ. ಕುರಿ ಎಲ್ಲಿಗೂ ಓಡಿಹೋಗಲ್ಲ, ನಮ್ಮಲ್ಲಿ ಓಡಿಹೋಗೋದು ಹೊಟ್ಟೆಗಂಬಳಿ ಮಾತ್ರ."

ಒಳಗೆ ಬತ್ಸೂರ್ ನಕ್ಕ. ಒಲೆಯ ಪಕ್ಕದಲ್ಲಿದ್ದ ಅವನ ಹೆಂಡತಿ ಸೊಲೊಂಗೊ ನಗಲಿಲ್ಲ, ಮುಖವೂ ಬದಲಾಗಲಿಲ್ಲ. ಬಟ್ಟಲು ತುಂಬಿ, ಬಲಗೈಯ ಮೊಣಕೈಗೆ ಎಡಗೈ ಮುಟ್ಟಿಸಿ, ಎರಡು ಹೆಜ್ಜೆ ನಡೆದು ಬಂದು ಅವನಿಗೆ ಕೊಟ್ಟಳು. ಉಪ್ಪು ಹಾಕಿದ ಹಾಲಿನ ಚಾ, ಮೇಲೆ ತೇಲುವ ಬೆಣ್ಣೆ. ಅತಿಥಿಯ ಜಾಗದಲ್ಲಿ, ಬಾಗಿಲಿಗೆ ಎದುರಾಗಿ, ದೇವರ ಪೆಟ್ಟಿಗೆಯ ಹತ್ತಿರ ಕೂತಿದ್ದ ಚೊಯ್ಜಿಲ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಈ ಮನೆಯಲ್ಲಿ ಮೊದಲು ಇವಳ ಮಾತೇ ಹೆಚ್ಚು ಕೇಳಿಸುತ್ತಿತ್ತು. ಕಳೆದ ಬೇಸಿಗೆಯಲ್ಲಿ ಅವನ ಹಿಂದೆಯೇ ಸುತ್ತುತ್ತ, ಯಾಕೆ ಹತ್ತು ಕುರಿಗೊಂದು ಸೂಜಿ, ಯಾಕೆ ಚರ್ಮದ ಕೆಳಗೇ ಚುಚ್ಚಬೇಕು, ಮಾಂಸಕ್ಕೆ ಚುಚ್ಚಿದರೆ ಏನಾಗುತ್ತದೆ ಎಂದು ಕೇಳುತ್ತಿದ್ದಳು. ಒಂದು ನೋಟ್‌ಬುಕ್ಕಿನಲ್ಲಿ ಯಾವ ಕುರಿಗೆ ಯಾವ ತಾಯಿ, ಆ ತಾಯಿಗೆ ಯಾವ ತಾಯಿ ಎಂದು ಐದು ತಲೆಮಾರಿನವರೆಗೆ ಬರೆದಿಟ್ಟುಕೊಂಡಿದ್ದಳು. ಮನೆಯವರಿಗೆ ಅದೊಂದು ತಮಾಷೆ. ಅವನಿಗೆ ಅದನ್ನು ನೋಡಿ ಹೊಟ್ಟೆಯಲ್ಲಿ ಸಣ್ಣಗೆ ಉರಿದಿತ್ತು, ತಾನು ಕಾಲೇಜಿನಲ್ಲೂ ಅಷ್ಟು ಶ್ರದ್ಧೆಯಿಂದ ಏನನ್ನೂ ಬರೆದಿರಲಿಲ್ಲ. ಬರುವ ಜೂನಿನಲ್ಲಿ ಜಿಲ್ಲಾ ಕೇಂದ್ರದಲ್ಲಿ ಹದಿನೈದು ದಿನದ ತರಬೇತಿಯಿದೆ, ಎಂಟು ಮನೆಗಳ ನಿಮ್ಮ ಗುಂಪಿನಿಂದ ಒಬ್ಬರು ಹೋಗಬೇಕು, ಮುಗಿಸಿ ಬಂದವರಿಗೆ ಔಷಧದ ಪೆಟ್ಟಿಗೆ ಕೊಡುತ್ತಾರೆ, ಗುಂಪಿನ ಟಗರುಗಳೆಲ್ಲ ಅವರ ಕೈಯಲ್ಲಿರುತ್ತವೆ ಎಂದು ಅವನು ಹೇಳಿದಾಗ ಎಲ್ಲರೂ ಇವಳ ಕಡೆಗೇ ನೋಡಿದ್ದರು. ಅವಳು ನಾಚಿಕೊಂಡು ಹೊರಗೆ ಹೋಗಿ, ಯಾರೂ ಕೇಳದಿದ್ದರೂ ಇಡೀ ರೊಪ್ಪ ಗುಡಿಸಿ ಬಂದಿದ್ದಳು.

"ಆ ತರಬೇತಿ ಹಾಳೆ ತಂದಿದೀಯಲ್ಲ?" ಯಂಜಿಮಾ ಕೇಳಿದಳು. "ಅದರಲ್ಲಿ ಖೊರ್ಲೊ ಹೆಸರು ಬರಿ. ನನ್ನ ಚಿಕ್ಕ ಸೊಸೆ."

"ತಮ್ಮನ ಹೆಂಡ್ತೀನಾ?" ಬತ್ಸೂರ್ ಹುಬ್ಬೇರಿಸಿದ. "ಅವಳಿಗೆ ಸೂಜಿ ಕಂಡ್ರೆ ಕಣ್ಣು ಕತ್ತಲೆ ಬರುತ್ತೆ, ಅವ್ವಾ. ಹೋದ ವರ್ಷ ಕುರಿಗೆ ಚುಚ್ಚಿದ್ರೆ ಇವಳು ಬಿದ್ದಳು."

"ಕಲೀತಾಳೆ. ಗಂಟು ಕಟ್ಟೋಕಂತೂ ಬರುತ್ತಲ್ಲ. ಎಂಟು ಮನೆಯವರ ಟಗರು ಕೈಗೆ ಕೊಡಬೇಕು ಅಂದ್ರೆ ಮೊದಲು ಅದು ಬರಬೇಕು. ಇಲ್ಲಿ ಕಂಬಳಿ ಕಟ್ಟೋದು ನಮ್ಮ ದೊಡ್ಡ ಸೊಸೆ ಕೆಲಸ, ಅವಳಿಗೆ ಏನಂತಾರೆ ಗೊತ್ತಾ ಮಗಾ? 'ಬಿಚ್ಚುಗಂಟಿನ ಸೊಸೆ.' ನಿನ್ನ ಗಂಡನ ಸೊಂಟಪಟ್ಟೀನೂ ನೀನೇ ಕಟ್ಟೋದಾ ತಾಯಿ ಅಂತ ಬಾವಿಕಟ್ಟೆ ಹತ್ರ ಕೇಳ್ತಾರೆ."

"ನಾನೇ ಕಟ್ಕೋತೀನಿ ಅಂತ ಹೇಳಿದೀನಿ" ಎಂದ ಬತ್ಸೂರ್, ನಗಿಸಲೆಂದು. ಯಾರೂ ನಗಲಿಲ್ಲ. ಸೊಲೊಂಗೊ ಬಾಗಿಲ ಪರದೆ ಸರಿಸಿ ಹೊರಗೆ ಹೋದಳು, ಹೋಗುವಾಗ ಪರದೆ ಸದ್ದಾಗದಂತೆ ಬಿಟ್ಟಳು. ಈಗ, ಎಂದುಕೊಂಡ ಚೊಯ್ಜಿಲ್. ಬಾಯಿ ತೆರೆದ. "ಮೊದಲು ಲಸಿಕೆ ಮುಗಿಸಿಬಿಡೋಣ" ಎಂದ.

ರೊಪ್ಪದಲ್ಲಿ ಕೆಲಸ ಚುರುಕಾಗಿ ನಡೆಯಿತು. ಬತ್ಸೂರ್ ಕುರಿ ಹಿಡಿಯುತ್ತಿದ್ದ, ಚೊಯ್ಜಿಲ್ ಚುಚ್ಚುತ್ತಿದ್ದ, ಸೊಲೊಂಗೊ ಸಿರಿಂಜು ತುಂಬಿ ಕೊಟ್ಟು, ಚುಚ್ಚಿದ ಕುರಿಯ ಬೆನ್ನಿಗೆ ಕೆಂಪು ಬಳಪದ ಗೆರೆ ಎಳೆಯುತ್ತಿದ್ದಳು. ಹತ್ತನೆಯದಕ್ಕೆ ಅವನು ಹೇಳುವ ಮೊದಲೇ ಹೊಸ ಸೂಜಿ ಸಿದ್ಧವಿರುತ್ತಿತ್ತು. ಅವಳ ಬೆರಳುಗಳು ಗಾಳಿಗೆ ಬಿರಿದು ಗೆಣ್ಣುಗಳಲ್ಲಿ ರಕ್ತ ಒಸರಿತ್ತು. ಈ ಕೈಗಳು ಕಟ್ಟಿದ ಯಾವ ಗಂಟು ಬಿಚ್ಚಿಹೋದೀತು ಎಂದು ಈ ಮನೆಯವರಿಗೆ ಯಾಕೆ ಹೊಳೆಯುವುದಿಲ್ಲ ಎಂದು ಅವನಿಗೆ ಸಿಟ್ಟು ಬಂತು. ಸಿಟ್ಟು ಅವರ ಮೇಲೆ ಬಂದದ್ದು ಹಿತವಾಗಿತ್ತು. ಅರ್ಧ ಮಂದೆ ಮುಗಿದಾಗ ಬತ್ಸೂರ್ ಇಳಿಜಾರಿನಲ್ಲಿ ಮೇಯುತ್ತಿದ್ದ ಉಳಿದರ್ಧವನ್ನು ತರಲು ಮೋಟಾರ್ ಬೈಕ್ ಹತ್ತಿ ಹೋದ. ಸೊಲೊಂಗೊ ಸುಮ್ಮನೆ ಕಾಯುವವಳಲ್ಲ. ಮೂಲೆಯಲ್ಲಿ ಕಟ್ಟಿದ್ದ ಒಂದು ಕುರಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಹಿಂದಿನ ದಿನ ಈದು ಮರಿ ಕಳೆದುಕೊಂಡ ಕುರಿ ಅದು. ಸತ್ತ ಮರಿಯ ಚರ್ಮವನ್ನು ಅವಳು ಒಂದು ತಬ್ಬಲಿ ಮರಿಗೆ ಅಂಗಿಯಂತೆ ತೊಡಿಸಿದ್ದಳು. ಮರಿಯನ್ನು ಕೆಚ್ಚಲಿಗೆ ನೂಕುತ್ತ, ಕುರಿಯ ಕತ್ತು ನೀವುತ್ತ, "ತೊಯ್ಗ್, ತೊಯ್ಗ್" ಎಂದು ಹಾಡತೊಡಗಿದಳು. ಕುರಿ ಮೂಸಿತು, ಒದೆಯಿತು, ಮತ್ತೆ ಮೂಸಿತು. ಹಾಡಿಗೆ ಮಾತು ಹೆಚ್ಚಿಲ್ಲ, ಅದೇ ಅದೇ ಎರಡು ಸ್ವರ, ಕುರಿ ಒಪ್ಪುವ ತನಕ ಹಾಡುತ್ತಿರಬೇಕು ಅಷ್ಟೇ. ಚೊಯ್ಜಿಲನ ತಾಯಿಯೂ ಹೀಗೆ ಹಾಡುತ್ತಿದ್ದಳು. ಅವನು ಏಳನೇ ತರಗತಿಯಲ್ಲಿದ್ದಾಗ ವಸತಿಶಾಲೆಯ ಕಿಟಕಿ ಒಡೆದ ತಪ್ಪಿಗೆ ಅಡುಗೆಯವಳ ಮಗಳು ಮೂರು ದಿನ ಹಿತ್ತಲಲ್ಲಿ ಬೂದಿ ಹೊತ್ತಿದ್ದಳು, ಕಲ್ಲು ಎಸೆದವನು ಇವನು. ಆಮೇಲೆ ಅವಳಿಗೆ ಒಂದು ಸಕ್ಕರೆ ಅಚ್ಚು ಕೊಟ್ಟಿದ್ದ. ಅವಳು ತಿಂದಳೋ ಎಸೆದಳೋ ನೆನಪಿಲ್ಲ. ಕೊಟ್ಟ ಮೇಲೆ ತನಗೆ ಚೆನ್ನಾಗಿ ನಿದ್ದೆ ಬಂದದ್ದು ಮಾತ್ರ ನೆನಪಿದೆ.

"ಸೊಲೊಂಗೊ, ಆ ಟಗರಿನ ವಿಷಯ..." ಎಂದ.

ಹಾಡು ನಿಲ್ಲಲಿಲ್ಲ. ಒಂದು ಸುತ್ತು ಮುಗಿಸಿ ಅವಳು ಹೇಳಿದಳು, "ಗೊತ್ತು ಡಾಕ್ಟರಣ್ಣ."

"ಏನು ಗೊತ್ತು?"

"ಗಂಟು ನಿಮ್ಮದು ಅಂತ. ಅವತ್ತು ಸಂಜೆನೇ ನೋಡಿದೆ. ನಮ್ಮ ಥರದ್ದಲ್ಲ, ಬೇರೆ ಇತ್ತು. ಡಾಕ್ಟ್ರು ಕಟ್ಟಿದ್ದು, ಹೊಸ ತಳಿ ಬೇರೆ, ಅಳತೆ ತಗೊಂಡಿದಾರೆ, ಏನೋ ಕಾರಣ ಇರುತ್ತೆ ಅಂದ್ಕೊಂಡೆ. ಮೂರನೇ ದಿನ ಸಡಿಲ ಆಗಿ ಜೋತು ಬಿದ್ದಿತ್ತು. ಆಗ್ಲೂ ಮುಟ್ಲಿಲ್ಲ. ನೀವೇ ಹೇಳಿದ್ರಲ್ಲ, ನಾನು ಕಟ್ಟಿದ್ದನ್ನ ನಾನು ಬಂದು ಬಿಚ್ಚೋ ತನಕ ಯಾರೂ ಮುಟ್ಟಬೇಡಿ ಅಂತ."

ಹೇಳಿದ್ದ. ಕುದುರೆಯ ಗಾಯದ ಬ್ಯಾಂಡೇಜಿನ ವಿಷಯದಲ್ಲಿ, ಎಂಟು ಮನೆಯವರ ಎದುರಿಗೆ, ಬೆರಳೆತ್ತಿ ಹೇಳಿದ್ದ. ಅವನು ಬೇಲಿಯ ಗೂಟ ಹಿಡಿದುಕೊಂಡ. "ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ? ನಾನು ಈಗ ಹೋಗಿ ಅಮ್ಮನಿಗೆ ಹೇಳ್ತೀನಿ."

"ಬೇಡ."

"ಬೇಡ ಅಂದ್ರೆ? ನಿನ್ನ ಹೆಸರು..."

"ನಿಮಗಿಂತ ಮೊದಲಿದ್ದ ಡಾಕ್ಟ್ರು ಯಾಕೆ ಹೋದ್ರು ಗೊತ್ತಾ? ಒಂದು ಮನೆಯ ಹಸು ಅವರ ಕೈಲಿ ಸತ್ತಿತು. ಒಂದೇ ಹಸು. ಜನ ಗುಂಪು ಸೇರಿ ಕೂಗಾಡಿದ್ರು, ದೂರು ಬರೆದ್ರು, ಅವರು ಗಂಟುಮೂಟೆ ಕಟ್ಟಿದ್ರು. ಆಮೇಲೆ ಮೂರು ವರ್ಷ ಯಾರೂ ಬರ್ಲಿಲ್ಲ. ನನ್ನ ತವರಲ್ಲಿ ಕಾಲುಬಾಯಿ ಜ್ವರ ಬಂದಾಗ ಅಪ್ಪ ನಾಲಿಗೆ ಹುಣ್ಣಿಗೆ ಉಪ್ಪು ತಿಕ್ಕುತ್ತಾ ಕೂತಿದ್ದ. ಅದೊಂದೇ ಔಷಧಿ ಗೊತ್ತಿದ್ದಿದ್ದು." ಮರಿಯ ಬಾಲ ಅಲ್ಲಾಡತೊಡಗಿತು, ಹಾಲು ಸಿಕ್ಕಿದೆಯೆಂದು ಅರ್ಥ. ಅವಳು ದನಿ ತಗ್ಗಿಸಿದಳು. "ನನ್ನನ್ನ ಬೈತಾರೆ, ಬೈಲಿ. ಮುಂದಿನ ವರ್ಷ ಮರಿ ಚೆನ್ನಾಗಿ ಬಿದ್ರೆ ಮರೀತಾರೆ. ನಾನು ಮನೆ ಸೊಸೆ, ನನ್ನನ್ನ ವರ್ಗ ಮಾಡೋಕಾಗಲ್ಲ."

ಇದನ್ನು ಅವಳು ನಗೆಯಾಡಿದಂತೆ ಹೇಳಿದಳು. ಚೊಯ್ಜಿಲನ ಎದೆಯೊಳಗೆ ಏನೋ ಸಡಿಲವಾಯಿತು. ಮೊದಲು ಅದನ್ನು ದುಃಖವೆಂದುಕೊಂಡ. ಅವನು ಎಲ್ಲವನ್ನೂ ಗಮನಿಸುವ ಮನುಷ್ಯ, ಪ್ರಾಣಿಗಳ ಉಸಿರನ್ನು ಗಡಿಯಾರ ಹಿಡಿದು ಎಣಿಸಿ ಅಭ್ಯಾಸವಾದವನು, ಆದ್ದರಿಂದ ತನ್ನನ್ನೇ ನೋಡಿಕೊಂಡಾಗ ಮೋಸ ಹೋಗಲಾಗಲಿಲ್ಲ. ಅದು ದುಃಖವಲ್ಲ, ನಿರಾಳ. ನಾಚಿಕೆ ಬಂದದ್ದು ಅದರ ಹಿಂದೆ, ಎರಡು ಉಸಿರು ತಡವಾಗಿ. ಆ ನಾಚಿಕೆಯ ಬಲದಲ್ಲೇ, ಬತ್ಸೂರ್ ಉಳಿದ ಕುರಿ ತಂದು ಅವಕ್ಕೂ ಲಸಿಕೆ ಹಾಕಿ ಮುಗಿಸುವವರೆಗೂ ಅವನು ಹಲ್ಲು ಕಚ್ಚಿಕೊಂಡಿದ್ದ, ಹೇಳಿಯೇ ತೀರುತ್ತೇನೆ ಎಂದು.

ಒಳಗೆ ಬೇಯಿಸಿದ ಮಾಂಸ ಬಂದಿತ್ತು. ಯಂಜಿಮಾ ಕೊಬ್ಬಿರುವ ತುಂಡನ್ನೇ ಆರಿಸಿ ಅವನ ಮುಂದಿಟ್ಟಳು. ಅವನು ಚಾಕು ಮುಟ್ಟಲಿಲ್ಲ.

"ಅಮ್ಮಾ, ಆ ಹೊಟ್ಟೆಗಂಬಳಿ. ಸೆಪ್ಟೆಂಬರಲ್ಲಿ ನಾನು ಬಂದಿದ್ದೆನಲ್ಲ, ಅವತ್ತು ಬಿಚ್ಚಿದವನು ನಾನು. ಕಟ್ಟಿದವನೂ ನಾನೇ."

ಯಂಜಿಮಾ ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಆಮೇಲೆ ಅವಳ ಮುಖದ ಸುಕ್ಕುಗಳೆಲ್ಲ ಮೆತ್ತಗಾದವು. "ನೋಡಿದೆಯಾ ಬತ್ಸೂರ್, ಓದಿದವರು ಅಂದ್ರೆ ಇವರು. ಪರರ ಮನೆ ಸೊಸೆ ಬೈಸ್ಕೊಳ್ಳೋದನ್ನ ನೋಡೋಕಾಗದೆ ತನ್ನ ತಲೆ ಮೇಲೆ ಹಾಕ್ಕೋತಾನೆ. ತಿನ್ನು ಮಗಾ, ತಿನ್ನು. ಹಿಮದಲ್ಲಿ ಬಂದು ನಮ್ಮ ಮರಿ ಎದೆಗೆ ಕಟ್ಕೊಂಡಿದ್ದು ನಾವು ಮರೆತಿಲ್ಲ."

"ಕನಿಕರಕ್ಕೆ ಹೇಳ್ತಿಲ್ಲಮ್ಮ. ಜಾರುಗಂಟು ಹಾಕಿದ್ದೆ. ಮೊದಲ ಮರಿ ಫೆಬ್ರವರಿ ಒಂಬತ್ತಕ್ಕೆ ಬಿತ್ತು, ಹಿಂದಕ್ಕೆ ಎಣಿಸಿದ್ರೆ ನಾನು ಬಂದ ದಿನಕ್ಕೇ ಹೋಗುತ್ತೆ. ಸೊಲೊಂಗೊ ಕಟ್ಟಿದ್ದಲ್ಲ. ನಾನು ಕಟ್ಟಿದ್ದು."

ಬತ್ಸೂರನ ತುಟಿಗಳು ಅಲುಗಾಡಿದವು, ಅವನು ಎಣಿಸುತ್ತಿದ್ದ. ಎಣಿಸಿ ಮುಗಿಸಿ ಹೆಂಡತಿಯ ಕಡೆ ತಿರುಗಿದ. ಅವನ ಮುಖದಲ್ಲಿ ಏನೋ ಕುಸಿಯುವುದಕ್ಕೆ ಸಿದ್ಧವಾಗಿತ್ತು. "ಹೌದಾ?" ಎಂದ.

ಸೊಲೊಂಗೊ ಒಲೆಗೆ ಬೆರಣಿ ಇಡುತ್ತಿದ್ದಳು. ತಲೆಯೆತ್ತದೆ ಹೇಳಿದಳು, "ಡಾಕ್ಟರಣ್ಣ ಕಟ್ಟಿದ್ದು ಹೌದು. ಅವರು ಹೋದ ಮೇಲೆ ಸಂಜೆ ನಾನು ಬಿಚ್ಚಿ ಮತ್ತೆ ಕಟ್ಟಿದೆ. ಜಾರಿದ್ದು ನನ್ನ ಗಂಟೇ."

ಗುಡಾರದ ಮೇಲೆ ಗಾಳಿ ಹಗ್ಗ ಬಡಿಯುವುದು ಕೇಳುತ್ತಿತ್ತು. ಎಷ್ಟು ಅಚ್ಚುಕಟ್ಟಾದ ಸುಳ್ಳು ಎಂದು ಚೊಯ್ಜಿಲ್ ಬೆರಗಾದ. ಅದು ಅವನು ಹೇಳಿದ ಯಾವುದನ್ನೂ ಅಲ್ಲಗಳೆಯಲಿಲ್ಲ; ಅವನ ದಿನಾಂಕ, ಅವನ ಲೆಕ್ಕ, ಅವನ ಗಂಟು ಎಲ್ಲವನ್ನೂ ನಿಜವೆಂದೇ ಒಪ್ಪಿಕೊಂಡು, ಎಲ್ಲವನ್ನೂ ಕೆಲಸಕ್ಕೆ ಬಾರದಂತೆ ಮಾಡಿಬಿಟ್ಟಿತು. ಇಂಥ ತಲೆ ಆ ತರಬೇತಿಗೆ ಹೋಗಬೇಕಿತ್ತು. ಅವನು ಬಾಯಿ ತೆರೆದ. ಆಗ ಅವಳು ಒಮ್ಮೆ ಅವನನ್ನು ನೋಡಿದಳು, ಬೇಡವೆಂದೂ ಅಲ್ಲ, ಬೇಡಿಕೊಂಡೂ ಅಲ್ಲ, ಹತ್ತನೇ ಕುರಿ ಮುಗಿಯಿತು ಎಂದು ಹೇಳುವಾಗ ನೋಡುವಂತೆ. ಅವನು ಬಾಯಿ ಮುಚ್ಚಿದ. ಆ ನೋಟ ತನ್ನನ್ನು ಸುಮ್ಮನಾಗಿಸಿತು ಎಂದು ಮುಂದೆ ಯಾವತ್ತಾದರೂ ಹೇಳಿಕೊಳ್ಳಬಹುದೆಂಬುದೂ ಅದೇ ಕ್ಷಣದಲ್ಲಿ ಅವನಿಗೆ ಹೊಳೆದಿತ್ತು.

"ಡಾಕ್ಟ್ರು ಕಟ್ಟಿದ್ದನ್ನ ಬಿಚ್ಚೋದಾ?" ಯಂಜಿಮಾ ಕೈಯಲ್ಲಿದ್ದ ಮೂಳೆ ಕೆಳಗಿಟ್ಟಳು. "ಇಷ್ಟು ದಿನ ಸೋಮಾರಿ ಅಂದ್ಕೊಂಡಿದ್ದೆ, ಇವಳು ಅದಕ್ಕಿಂತ ದೊಡ್ಡೋಳು. ಡಾಕ್ಟ್ರಿಗಿಂತ ಹೆಚ್ಚು ಗೊತ್ತು ಇವಳಿಗೆ."

ಬತ್ಸೂರ್ ಮುಖ ತಿರುಗಿಸಿಕೊಂಡ. ಕುಸಿಯಬೇಕಾಗಿದ್ದದ್ದು ಕುಸಿಯದೆ ಗಟ್ಟಿಯಾಗಿತ್ತು. "ಎರಡು ತಿಂಗಳು ಹೇಳ್ಲಿಲ್ಲವಲ್ಲೇ" ಎಂದ, ಮೆಲ್ಲಗೆ. ಚಿಕ್ಕ ಸೊಸೆ ಖೊರ್ಲೊಳನ್ನು ಪಕ್ಕದ ಗುಡಾರದಿಂದ ಕರೆಸಿದರು. ಅವಳು ಬಂದು ಬಾಗಿಲ ಬಳಿ ನಿಂತು, ಗಾಬರಿಯಿಂದ ಎಲ್ಲರ ಮುಖ ನೋಡಿ, "ಅಲ್ಲಿ ದಿನಾ ರಕ್ತ ನೋಡ್ಬೇಕಾಗುತ್ತಾ?" ಎಂದು ಕೇಳಿದಳು. ಸೊಲೊಂಗೊ ಅವಳಿಗೆ, "ಮೊದಲ ದಿನ ಕಣ್ಣು ಮುಚ್ಕೋ, ಬೆರಳಲ್ಲೇ ಚರ್ಮ ಎತ್ತಿ ನೋಡು. ಎರಡನೇ ದಿನಕ್ಕೆ ಸರಿಹೋಗುತ್ತೆ. ಬಂದ ಮೇಲೆ ನನಗೂ ಹೇಳ್ಕೊಡು" ಎಂದಳು. ಚೊಯ್ಜಿಲ್ ಚೀಲದಿಂದ ಹಾಳೆ ತೆಗೆದ. ಹೆಸರು, ತಂದೆಯ ಹೆಸರು, ವಯಸ್ಸು, ಶಾಲೆ. ಅಕ್ಷರಗಳು ದುಂಡಗೆ, ಗೆರೆಯ ಮೇಲೆ ನೆಟ್ಟಗೆ ಕೂತವು. ಕೈ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಎನಿಸಿತು, ಯಾರಾದರೂ ನೋಡುತ್ತಿದ್ದರು.

ಹೊರಡುವಾಗ ಯಂಜಿಮಾ ಅವನ ಎರಡೂ ಕೆನ್ನೆ ಮೂಸಿ ಹರಸಿದಳು, ಒಂದು ಚೀಲ ಒಣಮೊಸರುಗಟ್ಟಿ ಕೊಟ್ಟಳು. ನವೆಂಬರಿನಲ್ಲಿ ಹೊಟ್ಟೆಗಂಬಳಿ ಬಿಚ್ಚುವ ದಿನ ನೀನೇ ಬರಬೇಕು, ನಿನ್ನ ಕೈಯಿಂದಲೇ ಬಿಚ್ಚಿಸುತ್ತೇವೆ, ನಿನ್ನ ಕೈಗುಣ ಒಳ್ಳೆಯದು ಎಂದಳು. ಅವನು ಬರುತ್ತೇನೆ ಎಂದ. ಬತ್ಸೂರ್ ಲಸಿಕೆಯ ಪೆಟ್ಟಿಗೆ ಎತ್ತಿ ಜೀಪಿನಲ್ಲಿಟ್ಟ. ಸೊಲೊಂಗೊ ಎಲ್ಲೂ ಕಾಣಲಿಲ್ಲ. ರೊಪ್ಪದ ಕಡೆಯಿಂದ ಕುರಿಗಳ ಸದ್ದು ಮಾತ್ರ ಬರುತ್ತಿತ್ತು. ಹೋಗಿ ಒಂದು ಮಾತು ಹೇಳಬೇಕು ಎಂದುಕೊಂಡ. ಏನೆಂದು ಹೇಳುವುದು? ಇಷ್ಟು ಹೊತ್ತಿಗೆ ಗಾಳಿ ಬಿದ್ದಿತ್ತು, ಧೂಳು ಇಳಿದು ದಾರಿ ಬೆಳ್ಳಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಕತ್ತಲಾಗುವ ಮೊದಲು ಇನ್ನೊಂದು ಮಂದೆ ಮುಗಿಸಬಹುದಿತ್ತು. ಅವನು ಜೀಪು ಹತ್ತಿದ. ಮೊದಲ ಗುಡ್ಡ ದಾಟುವ ತನಕ ನಾಳೆಯೇ ಜಿಲ್ಲಾ ಕೇಂದ್ರಕ್ಕೆ ಬರೆದು ಗುಂಪಿಗೆ ಎರಡನೆಯ ಹೆಸರು ಕೊಡಲಾದೀತೇ ಕೇಳಬೇಕು, ಮುಂದಿನ ವರ್ಷವಾದರೂ ಸೊಲೊಂಗೊಳನ್ನು ಕಳಿಸಬೇಕು, ತನ್ನ ಹಳೆಯ ಪಠ್ಯಪುಸ್ತಕಗಳನ್ನು ಅವಳಿಗೆ ತಂದು ಕೊಡಬೇಕು ಎಂದು ಒಂದೊಂದಾಗಿ ಯೋಚಿಸಿದ. ಎಲ್ಲವೂ ಮಾಡಬಹುದಾದ ಕೆಲಸಗಳೇ. ಎರಡನೆಯ ಗುಡ್ಡದ ಇಳಿಜಾರಿನಲ್ಲಿ ಜೀಪಿನೊಳಗೆ ಯಾರೋ ಮೆಲ್ಲಗೆ ಸಿಳ್ಳೆ ಹಾಕುತ್ತಿರುವುದು ಅವನಿಗೆ ಕೇಳಿಸಿತು. ಸ್ವಲ್ಪ ದೂರ ಹೋದ ಮೇಲೆ ಅದು ತನ್ನದೇ ಎಂದು ಗೊತ್ತಾಯಿತು.